ಕೊನೆಯ ಓವರಿಗೆ ಎದ್ದು ಹೋಗುವವರು

ವೈಯಾಲಿಕಾವಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ರಿಟೈರ್ಡ್ ಟೀಚರ್ ಬೆಳಿಗ್ಗೆ ಪೇಪರ್ ಮಡಿಸಿಡುವಾಗ ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ಈ ದೇಶ ಇಷ್ಟೇ ಬಿಡಿ." ನಲ್ಲಿಯಲ್ಲಿ ನೀರು ಬರದಿದ್ದರೂ ಅದೇ, ಯಾರೋ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿ ಹೋದರೂ ಅದೇ. ಫುಟ್‌ಪಾತಿನ ಸಡಿಲ ಚಪ್ಪಡಿಯ ಮೇಲೆ ಕಾಲಿಟ್ಟು ಬಿದ್ದು ಕೈ ಮುರಿದುಕೊಂಡಾಗಲಂತೂ, ನೋಡಲು ಬಂದವರಿಗೆಲ್ಲ ಕಾಫಿಯ ಜೊತೆಗೆ ಆ ಮಾತನ್ನೂ ಕೊಟ್ಟು ಕಳಿಸಿದರು.

ಪ್ಲಾಸ್ಟರ್ ಹಾಕಿದ ಕೈಯಲ್ಲೇ ಒಂದು ಸಂಜೆ ಫೈನಲ್ ಮ್ಯಾಚ್ ನೋಡಲು ನಮ್ಮ ಮನೆಗೆ ಬಂದರು. ಕೊನೆಯ ಓವರ್ ಶುರುವಾಗುತ್ತಿದ್ದಂತೆ ಎದ್ದು ನಿಂತರು.

"ನಾನ್ ನೋಡಿದ್ರೆ ನಮ್ಮೋರು ಔಟಾಗ್ತಾರೆ. ಆಚೆ ಇರ್ತೀನಿ, ಮುಗಿದ್ಮೇಲೆ ಕರೀರಿ."

"ಈ ದೇಶ ಇಷ್ಟೇ ಅಂತೀರಲ್ಲ, ಸೋತ್ರೆ ಸೋಲ್ಲಿ ಬಿಡಿ ಟೀಚರ್," ಎಂದು ಅಪ್ಪ ನಕ್ಕರು.

"ಅದೇ ಬೇರೆ, ಇದೇ ಬೇರೆ," ಎಂದವರೇ ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಸೊಳ್ಳೆಗಳ ನಡುವೆ, ಮನೆಗೆ ಬೆನ್ನು ಹಾಕಿ, ಸರಿಯಿದ್ದ ಕೈಯಲ್ಲಿ ಗೇಟಿನ ಕಂಬಿ ಹಿಡಿದು ನಿಂತಿದ್ದರು.

ಗೆದ್ದೆವು. ಅಮ್ಮ ಹೋಗಿ ಕರೆದಾಗ "ನಿಜ ತಾನೆ?" ಎಂದು ಮತ್ತೆ ಮತ್ತೆ ಕೇಳಿಕೊಂಡೇ ಒಳಗೆ ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಹೈಲೈಟ್ಸ್ ಬಂತು. ಪ್ರತಿ ಬೌಂಡರಿಗೂ ಕುರ್ಚಿಯ ಕೈ ತಟ್ಟುತ್ತ ನೋಡಿದರು. ಕೊನೆಯ ಓವರ್ ಬರುತ್ತಲೇ ಮತ್ತೆ ಎದ್ದರು.

"ಗೆದ್ದಾಯ್ತಲ್ಲ ಟೀಚರ್, ಕೂತ್ಕೊಳ್ಳಿ," ಎಂದೆ.

"ಇರ್ಲಿ ಬಿಡಪ್ಪ, ಸುಮ್ನೆ ಯಾಕೆ ರಿಸ್ಕು," ಎಂದು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದರು.