ನೀರಿಲ್ಲದ ಅಳು

ಅಕ್ಕನ ಮಗಳ ಕಿವಿ ಚುಚ್ಚುವ ಹಿಂದಿನ ದಿನ ನಾನು ದಿಂಡಿಗಲ್‌ನಿಂದ ಮೊದಲ ಬಸ್ಸಿಗೇ ಹೊರಟೆ. ನಮ್ಮವರಲ್ಲಿ ಕಿವಿ ಚುಚ್ಚುವಾಗ ಕೂಸನ್ನು ಕೂರಿಸುವುದು ಸೋದರಮಾವನ ತೊಡೆಯ ಮೇಲೆ. ಅಕ್ಕನಿಗೆ ಒಡಹುಟ್ಟಿದವನು ನಾನೊಬ್ಬನೇ. ಇಪ್ಪತ್ತೆಂಟು ವರ್ಷ, ಮದುವೆಯಿಲ್ಲ, ಬೀಗದ ಅಂಗಡಿಯಲ್ಲಿ ಕೆಲಸ. ಅಲ್ಲಿಯವರೆಗೆ ಯಾವ ಮನೆಯ ಕಾರ್ಯದಲ್ಲೂ ನನ್ನನ್ನು ಮುಂದಕ್ಕೆ ಕರೆದು ಕೂರಿಸಿದವರಿರಲಿಲ್ಲ. ಈಗ ನೆಂಟರೆಲ್ಲ ನೋಡುತ್ತಿರುವಾಗ ನಾನು ನಡುವೆ ಕೂರಬೇಕು, ಕೂಸು ನನ್ನ ಮಡಿಲಲ್ಲಿ ಅಳಬೇಕು, ನಾನು ಸಮಾಧಾನ ಮಾಡಬೇಕು. ಹದಿನೈದು ದಿನದಿಂದ ಬೀಗ ಕೊಳ್ಳಲು ಬಂದವರಿಗೆಲ್ಲ ಈ ಸುದ್ದಿ ಹೇಳಿ ಅಂಗಡಿಯ ಯಜಮಾನರಿಂದ ಬೈಸಿಕೊಂಡಿದ್ದೆ.

ನಿಲಕ್ಕೋಟ್ಟೈಯಲ್ಲಿ ಇಳಿದು ಮಲ್ಲಿಗೆ ಕಟ್ಟಿಸಿಕೊಂಡು ಮುಂದಿನ ಬಸ್ಸು ಹಿಡಿದೆ. ತೇನಿ ದಾಟಿ ಅಕ್ಕನ ಊರು ಕೊಂಬೈ ಸೇರುವಾಗ ಹತ್ತು ಗಂಟೆ. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿತ್ತು. ಬಾಗಿಲಲ್ಲೇ ಒಂದು ಸಣ್ಣ ವ್ಯಾನು ನಿಂತಿತ್ತು. ಬೆಟ್ಟದ ಬುಡದ ಕುಲದೇವರ ಗುಡಿಗೆ ಅಡುಗೆಯ ಅಂಡೆಗಳನ್ನೂ ಅಕ್ಕಿ ಮೂಟೆಯನ್ನೂ ಸಾಗಿಸಲು ಕರೆಸಿದ್ದರು. ಭಾವ ಆಗಲೇ ಗುಡಿಗೆ ಹೋಗಿದ್ದರು. ಅಕ್ಕ ಒಳಗೆ ಬೆಲ್ಲ, ತೆಂಗಿನಕಾಯಿ ಎಣಿಸುತ್ತಿದ್ದಳು. ಅವಳ ಅತ್ತೆ, ಎಪ್ಪತ್ತರ ಗಟ್ಟಿ ಹೆಂಗಸು, ಚಪ್ಪರದಲ್ಲಿ ನಿಂತು ಎಲ್ಲರಿಗೂ ಕೆಲಸ ಹೇಳುತ್ತಿದ್ದರು.

ನನಗೆ ಬೇಕಿದ್ದದ್ದು ಕೂಸು. ಒಂಬತ್ತು ತಿಂಗಳ ಹೆಣ್ಣುಮಗು. ನನ್ನನ್ನು ಕಂಡರೆ ಮೀಸೆಗೆ ಕೈ ಹಾಕುವುದೇ ಅದರ ಮೊದಲ ಕೆಲಸ. ನಾಳೆ ಹೇಗೆ ಕೂರಿಸಿಕೊಳ್ಳಬೇಕೆಂದು ಇವತ್ತೇ ಒಂದು ಸಲ ನೋಡಿಬಿಡಬೇಕು ಎಂಬ ಆಸೆಯಲ್ಲಿ ನೇರ ಸೀರೆ ಜೋಲಿಯ ಹತ್ತಿರ ಹೋದೆ. ಅಕ್ಕ ಅಲ್ಲಿಂದಲೇ ತಡೆದಳು.

"ಎಬ್ಬಿಸಬ್ಯಾಡ ತಂಬಿ. ನೆನ್ನೆಯಿಂದ ವಾಂತಿ, ಬೇದಿ. ಈಗ ನಿಂತದೆ, ಮಲಗ್ಯದೆ."

ಹಿಂದಿನ ದಿನ ಮಧ್ಯಾಹ್ನ ಶುರುವಾದದ್ದಂತೆ. ಹತ್ತು ಸಲವಾದರೂ ನೀರಿನಂತೆ ಬೇದಿ, ಕುಡಿದದ್ದೆಲ್ಲ ವಾಂತಿ. ಅತ್ತೆ ನಗುತ್ತಲೇ ಹೇಳಿದರು, ಹಲ್ಲು ಮೊಳೆಯುವಾಗ ಹೀಗೇ ಆಗುತ್ತದೆ, ತಾವು ಐದು ಮಕ್ಕಳನ್ನು ಸಾಕಿದವರು, ಹೊಟ್ಟೆಗೆ ಒಂದು ದಿನ ಬಿಡುವು ಕೊಟ್ಟರೆ ತಾನೇ ಸರಿಹೋಗುತ್ತದೆ ಎಂದು. ಅದಕ್ಕೇ ಬೆಳಿಗ್ಗೆಯಿಂದ ಹಾಲೂ ಹೆಚ್ಚು ಕೊಟ್ಟಿರಲಿಲ್ಲ. ವಾಂತಿ ನಿಂತಿತು, ಬೇದಿ ನಿಂತಿತು, ಕೂಸು ಸದ್ದಿಲ್ಲದೆ ಮಲಗಿತು. ಮನೆ ತುಂಬ ಕೆಲಸವಿದ್ದ ದಿನ ಮಗು ಇಷ್ಟು ಸಾಧುವಾಗಿ ಮಲಗಿದೆಯಲ್ಲ ಎಂದು ಎಲ್ಲರಿಗೂ ಸಮಾಧಾನ. ನನಗೂ ಹಾಗೇ ಅನ್ನಿಸಿತು. ಆದರೂ ಕೈ ಸುಮ್ಮನಿರಲಿಲ್ಲ. ಅಕ್ಕ ಅತ್ತ ತಿರುಗಿದ್ದೇ ತಡ, ಜೋಲಿಯಿಂದ ಎತ್ತಿಕೊಂಡುಬಿಟ್ಟೆ.

ಕೂಸು ಅರೆಗಣ್ಣು ತೆರೆಯಿತು. ಮೀಸೆ ಹತ್ತಿರ ತಂದರೂ ಕೈ ಎತ್ತಲಿಲ್ಲ. ನನ್ನನ್ನು ನೋಡಿದ ಹಾಗೂ ಇಲ್ಲ, ನೋಡದ ಹಾಗೂ ಇಲ್ಲ. ಆಮೇಲೆ ಬಾಯಿ ತೆರೆದು ಅಳತೊಡಗಿತು. ಸಣ್ಣ, ಒಣ ದನಿ. ಅಳಿಸಿದೆನಲ್ಲ ಎಂದು ಗಾಬರಿಯಾಗಿ ಹೆಗಲ ಮೇಲಿನ ಟವೆಲ್ಲಿನಿಂದ ಕೆನ್ನೆ ಒರೆಸಿದೆ. ಒರೆಸಲು ಅಲ್ಲಿ ಏನೂ ಇರಲಿಲ್ಲ. ಕಣ್ಣಿನ ಕೆಳಗೆ ಬೆರಳಿಟ್ಟೆ. ಒಂದು ಹನಿ ನೀರಿಲ್ಲ. ಮಗು ಅಳುತ್ತಲೇ ಇತ್ತು.

ಯಾರನ್ನು ಕೇಳಲಿ? ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲದಲ್ಲಿ ಲಸಿಕೆಯ ಕಾರ್ಡಿತ್ತು, ಅದರ ಮೇಲೆ ಊರಿನ ನರ್ಸಮ್ಮನ ನಂಬರು ಬರೆದಿತ್ತು. ಫೋನ್ ಮಾಡಿದೆ. ಅವರು ಬೇರೆ ಹಳ್ಳಿಯಲ್ಲಿ ಲಸಿಕೆ ಹಾಕುತ್ತಿದ್ದರು. ಹಿಂದಿನಿಂದ ಮಕ್ಕಳ ಅಳು ಕೇಳುತ್ತಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ತಮಿಳಿನಲ್ಲಿ ಒಂದೊಂದಾಗಿ ಕೇಳತೊಡಗಿದರು. ನಾನು ಅದನ್ನು ಮನೆಮಾತಾದ ಕನ್ನಡದಲ್ಲಿ ಅಕ್ಕನಿಗೆ ಕೂಗಿ ಕೇಳಿ, ಉತ್ತರವನ್ನು ತಮಿಳಿನಲ್ಲಿ ಅವರಿಗೆ ಹೇಳುತ್ತಿದ್ದೆ.

ಮೊದಲನೆಯದು, ಉಚ್ಚೆ ಯಾವಾಗ ಮಾಡಿತು?

ಅಕ್ಕ ಯೋಚಿಸಿದಳು. ಡಯಪರ್ ಹಾಕಿದ್ದು ಮುಂಜಾನೆ. ಬಿಚ್ಚಿ ನೋಡಿದರೆ ಹೊಸದರ ಹಾಗೆ ಹಗುರಾಗಿ ಒಣಗಿತ್ತು. ಅದಕ್ಕೂ ಮುಂಚೆ? ಮಲಗುವ ಹೊತ್ತಿಗೆ ಒಮ್ಮೆ, ಸ್ವಲ್ಪ. ಹಾಗೆ ಹೇಳುತ್ತಲೇ ಅಕ್ಕ ತೆಂಗಿನಕಾಯಿ ಬಿಟ್ಟು ಕೂಸಿನ ಹತ್ತಿರ ಬಂದಳು.

ಬಾಯಿಯ ಒಳಗೆ ಬೆರಳಿಟ್ಟು ನೋಡಿ ಎಂದರು. ಕೈ ತೊಳೆದು ಇಟ್ಟೆ. ಯಾವಾಗಲೂ ಜೊಲ್ಲು ಸುರಿಸುವ ಮಗುವಿನ ನಾಲಗೆ ಒಣಗಿ ಬೆರಳಿಗೆ ಅಂಟಿಕೊಂಡಿತು. ನೆತ್ತಿಯ ಮೆತ್ತನೆಯ ಜಾಗ ಹೇಗಿದೆ ಎಂದು ಕೇಳಿದರು. ಕೂದಲು ಸರಿಸಿ ಸವರಿದೆ. ಬೆರಳಿಗೆ ಸಣ್ಣ ಗುಳಿ ಸಿಕ್ಕಿತು. ಕಣ್ಣು? ಕಣ್ಣು ಒಳಕ್ಕೆ ಹೋಗಿತ್ತು. ಅದನ್ನು ನಾವೆಲ್ಲ ನಿದ್ದೆಗೆಟ್ಟ ಕಣ್ಣು ಅಂದುಕೊಂಡಿದ್ದೆವು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಡಿ ಎಂದರು. ಬಿಟ್ಟರೆ ಮಡಿಕೆ ಕೂಡಲೇ ಹೋಗಲಿಲ್ಲ, ನಾನು ಎರಡು ಎಣಿಸುವವರೆಗೆ ನಿಂತಿತ್ತು.

"ಸಾಕು," ಎಂದರು ನರ್ಸಮ್ಮ. "ವಾಂತಿ ಬೇದಿ ನಿಂತದ್ದು ವಾಸಿಯಾಗಿ ಅಲ್ಲ, ಒಳಗೆ ನೀರಿಲ್ಲ. ಈಗಲೇ ತಾಲೂಕು ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸಿಗೆ ಕಾಯುವುದಕ್ಕಿಂತ ಬಾಗಿಲಲ್ಲೇ ವಾಹನ ಇದ್ದರೆ ಅದನ್ನೇ ಹತ್ತಿ."

ದಾರಿಯಲ್ಲಿ ಉಪ್ಪು ಸಕ್ಕರೆಯ ಓಆರ್‌ಎಸ್ ಪುಡಿಯ ಪೊಟ್ಟಣ ಕೊಂಡು, ಇಡೀ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೆ ಹಾಕಬೇಕು, ಅಂದಾಜಿನಲ್ಲಿ ಅರ್ಧ ಕಾಲು ಹಾಕಬಾರದು. ಎಚ್ಚರವಿದ್ದು ನುಂಗಿದರೆ ಮಾತ್ರ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಎದೆಹಾಲು ನಿಲ್ಲಿಸಲೇಬಾರದು. ಇಷ್ಟು ಹೇಳಿ, ಆಸ್ಪತ್ರೆಗೆ ನಾನೇ ತಿಳಿಸಿರುತ್ತೇನೆ ಎಂದು ಫೋನ್ ಇಟ್ಟರು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. ಅವರು ಒಪ್ಪುವುದಿಲ್ಲ, ಶುಭಕಾರ್ಯದ ಮನೆಯಿಂದ ಆಸ್ಪತ್ರೆಗೆ ಏಕೆ ಎನ್ನುತ್ತಾರೆ ಎಂದು ನಾನು ಜಗಳಕ್ಕೆ ಸಿದ್ಧನಾಗಿದ್ದೆ. ಅವರು ಬಂದು ಕೂಸಿನ ನೆತ್ತಿ ಮುಟ್ಟಿದರು. ಕೈ ಅಲ್ಲೇ ನಿಂತಿತು.

"ಕೂಸು ಮೊದ್ಲು ಸಾಮಿ," ಎಂದರು. "ಕಾರ್ಯ ಆಮ್ಯಾಲೆ. ನಾನೂ ಬತ್ತೀನಿ, ನಡೀರಿ."

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ವ್ಯಾನಿಗೆ ಆಗಲೇ ಅಂಡೆಗಳನ್ನು ಏರಿಸಿದ್ದರು. ಚಾಲಕ, ನಾನು, ಪಕ್ಕದ ಮನೆಯ ಇಬ್ಬರು ಸೇರಿ ಅವನ್ನು ಬೀದಿಗೆ ಉರುಳಿಸಿದೆವು. ಆ ಸದ್ದಿಗೆ ಬೀದಿಯೇ ಹೊರಗೆ ಬಂತು. ಅಕ್ಕ ಕೂಸನ್ನು ಎದೆಗೆ ಹಾಕಿಕೊಂಡು ಚಾಲಕನ ಪಕ್ಕ ಕೂತಳು, ಅತ್ತೆ ಅವಳ ಪಕ್ಕ ತುರುಕಿಕೊಂಡರು. ನಾನು ಹಿಂದೆ, ಕೆಳಗಿಳಿಸಲು ಮರೆತ ಒಂದು ಅಕ್ಕಿ ಮೂಟೆಯ ಮೇಲೆ ಕೂತೆ. ಬೀದಿಯ ತುದಿಯ ಔಷಧಿ ಅಂಗಡಿಯಲ್ಲಿ ಚಾಲಕನೇ ಓಡಿಹೋಗಿ ಪೊಟ್ಟಣವನ್ನೂ ಒಂದು ಲೀಟರಿನ ನೀರಿನ ಬಾಟಲಿಯನ್ನೂ ಒಂದು ಚಮಚವನ್ನೂ ತಂದ. ಬಾಟಲಿಗೆ ಪುಡಿ ಸುರಿದು ಕುಲುಕಿ, ಹಿಂದಿನ ಕಿಟಕಿಯಿಂದ ಅತ್ತೆಗೆ ಕೊಟ್ಟೆ.

ಎರಡೂ ಕಡೆ ದ್ರಾಕ್ಷಿ ಚಪ್ಪರಗಳು ಹಿಂದಕ್ಕೆ ಓಡುತ್ತಿದ್ದವು. ನಾನು ಕಿಟಕಿಗೆ ಮುಖ ಒತ್ತಿ ಕೇಳುತ್ತಿದ್ದೆ, ಕುಡೀತಾ? ನುಂಗ್ತಾ? ಮೊದಲ ಎರಡು ಚಮಚ ಗಂಟಲಿಗೆ ಇಳಿಯಿತು. ಆಮೇಲೆ ಎಲ್ಲ ಹೊರಗೆ ಬಂತು, ಅಕ್ಕನ ಸೀರೆಯ ಮೇಲೆ. ಅಕ್ಕ ಅಳತೊಡಗಿದಳು. ಅತ್ತೆ ಅಳಲಿಲ್ಲ. ಚಾಲಕನ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಲೆಕ್ಕ ಹಾಕಿ ಮತ್ತೆ ಚಮಚ ತುಟಿಗೆ ಹಿಡಿದರು. ಆಸ್ಪತ್ರೆಯ ಗೇಟು ಕಂಡಾಗ ಕೂಸು ಮತ್ತೆ ಕಣ್ಣು ಮುಚ್ಚಿತ್ತು. ಎಷ್ಟು ತಟ್ಟಿದರೂ ಸರಿಯಾಗಿ ತೆರೆಯಲಿಲ್ಲ.

ಒಳಗೆ ನಮಗಾಗಿ ಕಾಯುತ್ತಿದ್ದರು. ಮಕ್ಕಳ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಹೆಚ್ಚು ಮಾತಿಲ್ಲ. ನರ್ಸಮ್ಮ ಫೋನಿನಲ್ಲಿ ಕೇಳಿದ್ದನ್ನೇ ಅವರೂ ಒಂದೊಂದಾಗಿ ನೋಡಿದರು. ಬೇದಿಯಲ್ಲಿ ರಕ್ತವಿತ್ತೇ, ಜ್ವರವಿತ್ತೇ, ಮೈ ನಡುಗಿತ್ತೇ ಎಂದು ಕೇಳಿದರು. ಡ್ರಿಪ್ ಹಾಕಲೇಬೇಕು ಎಂದರು. ಆ ಪುಟ್ಟ ಕೈಯಲ್ಲಿ ನರವೇ ಸಿಗಲಿಲ್ಲ. ಮೂರನೆಯ ಸಲ ಪಾದದಲ್ಲಿ ಸಿಕ್ಕಿತು. ಸೂಜಿ ಹಾಕುವಾಗ ಹಿಡಿದುಕೊಳ್ಳಲು ಒಬ್ಬರು ಬೇಕಾಯಿತು. ಅಕ್ಕ ಸೂಜಿ ನೋಡಲಾರದೆ ಮುಖ ತಿರುಗಿಸಿಕೊಂಡಳು. ಆದ್ದರಿಂದ ಕೂಸು ಒಂದು ದಿನ ಮೊದಲೇ ನನ್ನ ತೊಡೆಗೆ ಬಂತು.

ನಾಳೆಗೆಂದು ಇಟ್ಟಿದ್ದ ಹೊಸ ಪಂಚೆಯನ್ನು ನಾನು ಮೆರೆಯಲು ಅವತ್ತೇ ಉಟ್ಟು ಬಂದಿದ್ದೆ. ಅದರ ಮೇಲೆ ಮಲಗಿ ಕೂಸು ಒಂದೊಂದು ಹನಿಯಾಗಿ ಇಳಿಯುವ ನೀರನ್ನು ಒಳಗೆ ತೆಗೆದುಕೊಂಡಿತು. ಒಂದು ಗಂಟೆಗೆ ಕಣ್ಣು ತೆರೆಯಿತು. ಆಮೇಲೆ ಅತ್ತೆಯ ಚಮಚವನ್ನು ನೋಡಿತು. ನೋಡಿದ್ದಷ್ಟೇ ಅಲ್ಲ, ತಲೆ ಎತ್ತಿ ಚಮಚದ ಕಡೆಗೆ ಬಾಯಿ ಚಾಚಿತು. ಅತ್ತೆಗೆ ಅಷ್ಟು ಸಾಕಾಯಿತು. ನಿಮಿಷಕ್ಕೊಂದು ಚಮಚ, ಊಟವಿಲ್ಲ, ಎದ್ದದ್ದೂ ಇಲ್ಲ, ಮಧ್ಯಾಹ್ನವೆಲ್ಲ ಕೊಡುತ್ತಲೇ ಇದ್ದರು. ಅಕ್ಕ ಹಾಲು ಕೊಡುವಾಗ ಮಾತ್ರ ಚಮಚ ಕೆಳಗಿಡುತ್ತಿದ್ದರು. ಗುಡಿಯಿಂದ ಓಡಿಬಂದ ಭಾವ ವರಾಂಡದಲ್ಲಿ ನಿಂತು ನೆಂಟರಿಗೆಲ್ಲ ಫೋನ್ ಮಾಡಿ ಕಾರ್ಯ ಮುಂದಕ್ಕೆ ಹೋಯಿತು ಎಂದು ತಿಳಿಸುತ್ತಿದ್ದರು.

ಡಾಕ್ಟರಮ್ಮ ಬಂದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ, ಉಚ್ಚೆ ಆಯಿತೇ? ಇಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ, ಆಯಿತೇ? ಇಲ್ಲ. ಪಕ್ಕದ ಹಾಸಿಗೆಗಳ ತಾಯಂದಿರೂ ನಮ್ಮ ಕಡೆಯೇ ನೋಡತೊಡಗಿದ್ದರು. ಮೂರು ಗಂಟೆಯ ಹೊತ್ತಿಗೆ ನನ್ನ ತೊಡೆಗೆ ಬೆಚ್ಚಗೆ ತಾಕಿತು. ಮೊದಲು ಬಾಟಲಿ ಚೆಲ್ಲಿತೆಂದುಕೊಂಡೆ. ಬಗ್ಗಿ ನೋಡಿದರೆ ಹೊಸ ಪಂಚೆಯ ಮೇಲೆ ಹಳದಿ ಕಲೆ ಹರಡುತ್ತಾ ಹೋಗುತ್ತಿದೆ. ಅತ್ತೆ ನೋಡಿದರು.

"ಉಚ್ಚೆ ಹೊಯ್ದವ್ಳೆ," ಎಂದರು ಮೆಲ್ಲಗೆ. ಆಮೇಲೆ ವಾರ್ಡಿಗೆಲ್ಲ ಕೇಳುವ ಹಾಗೆ ತಮಿಳಿನಲ್ಲೂ ಹೇಳಿದರು.

ವಾರ್ಡು ನಕ್ಕಿತು. ಅಕ್ಕ ನನ್ನ ಭುಜಕ್ಕೆ ಹಣೆ ಇಟ್ಟು ಅತ್ತಳು, ನಕ್ಕಳು. ಭಾವ ಓಡಿಬಂದು, ಎಲ್ಲಿ, ಎಲ್ಲಿ ಎಂದು ನನ್ನ ಪಂಚೆ ನೋಡಿದರು. ಒಬ್ಬ ಗಂಡಸಿನ ಒದ್ದೆ ಪಂಚೆಯನ್ನು ಇಷ್ಟು ಜನ ಇಷ್ಟು ಸಂತೋಷದಿಂದ ನೋಡಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಡಾಕ್ಟರಮ್ಮ ಕೂಡ ಆಗ ಮೊದಲ ಸಲ ಕುರ್ಚಿಯಲ್ಲಿ ಕೂತರು. ಬೆಳಿಗ್ಗೆ ಕರೆತಂದದ್ದು ಒಳ್ಳೆಯದಾಯಿತು, ಸಂಜೆಯವರೆಗೆ ಮಲಗಿದೆಯೆಂದು ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದರು. ಅತ್ತೆ ತಲೆ ತಗ್ಗಿಸಿದರು. ಹಲ್ಲಿನಿಂದ ಬೇದಿ ಎಂದುಕೊಂಡಿದ್ದೆ ಎಂದು ತಾವಾಗಿಯೇ ಹೇಳಿದರು. ಡಾಕ್ಟರಮ್ಮ ಅವರನ್ನು ಬೈಯಲಿಲ್ಲ. ಬೇದಿ ಯಾವುದರಿಂದ ಬಂದರೂ ಹೋದಷ್ಟು ನೀರು ಒಳಗೆ ಹೋಗಬೇಕು, ಇವತ್ತು ಅದನ್ನು ಚಮಚ ಹಿಡಿದು ಕೊಟ್ಟವರು ನೀವೇ ಎಂದರು.

ಮಾರನೇ ದಿನ ಮಧ್ಯಾಹ್ನ ಮನೆಗೆ ಕಳಿಸಿದರು. ಜೊತೆಗೆ ಪುಡಿಯ ಪೊಟ್ಟಣಗಳು, ಹದಿನಾಲ್ಕು ದಿನ ತಪ್ಪದೆ ಕೊಡಬೇಕಾದ ಸತುವಿನ ಮಾತ್ರೆ. ಕುಡಿಯದೆ ಇದ್ದರೆ, ಎಬ್ಬಿಸಿದರೂ ಏಳದಿದ್ದರೆ, ಬೇದಿಯಲ್ಲಿ ರಕ್ತ ಕಂಡರೆ, ಆರು ಗಂಟೆ ಕಾಲ ಉಚ್ಚೆ ಇಲ್ಲದಿದ್ದರೆ ಯಾರನ್ನೂ ಕೇಳದೆ ಬಂದುಬಿಡಿ ಎಂದು ಡಾಕ್ಟರಮ್ಮ ಅಕ್ಕನ ಬಾಯಲ್ಲಿ ಎರಡು ಸಲ ಹೇಳಿಸಿದರು.

ಒಂಬತ್ತನೇ ತಿಂಗಳು ಕಳೆದುಹೋಯಿತು, ನಮ್ಮಲ್ಲಿ ಬೆಸ ತಿಂಗಳಲ್ಲೇ ಚುಚ್ಚಬೇಕಾದ್ದರಿಂದ ಕಿವಿ ಚುಚ್ಚಿದ್ದು ಹನ್ನೊಂದನೇ ತಿಂಗಳಲ್ಲಿ. ಕೂಸು ನನ್ನ ತೊಡೆಯ ಮೇಲೆ ಕೂತು ಗುಡಿ ಹಾರಿಹೋಗುವ ಹಾಗೆ ಕಿರುಚಿತು. ನಾನು ಸಮಾಧಾನ ಮಾಡಲು ಹೋಗಿ ಒದೆಸಿಕೊಂಡೆ. ಊಟದ ಹೊತ್ತಿಗೆ ಅತ್ತೆ ಕಾಣಿಸಲಿಲ್ಲ. ಹುಡುಕಿದರೆ ಗುಡಿಯ ಹಿಂದಿನ ಬೇವಿನ ಮರದಡಿ ಚಿಕ್ಕ ಮಕ್ಕಳಿರುವ ಏಳೆಂಟು ಹೆಂಗಸರನ್ನು ಕೂರಿಸಿಕೊಂಡಿದ್ದರು. ಯಾರದೋ ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟು, ನೋಡ್ರಿ, ಹಿಂಗೆ ಬಿಟ್ಟ ತಕ್ಷಣ ಸಮ ಆಗಬೇಕು ಎಂದು ತೋರಿಸುತ್ತಿದ್ದರು. ನನ್ನನ್ನು ಕಂಡವರೇ, ಬಾ ಸಾಮಿ, ಆ ನರ್ಸಮ್ಮ ಕೇಳಿದ್ದರಲ್ಲಿ ಒಂದು ಮರೆತೋಯ್ತು, ನೀನು ಹೇಳು ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.