ಸಂಘಮಿತ್ರಾಳ ಸ್ಕೋರ್ ಏರುತ್ತಲೇ ಇತ್ತು

ಸಿರುಗುಪ್ಪದ ಬಸ್ ನಿಲ್ದಾಣದ ಹಿಂದಿನ ನನ್ನ ಜೆರಾಕ್ಸ್ ಅಂಗಡಿಗೆ ಈಗೀಗ ಜನ ಜಾತಕ ಕೇಳುವವರ ಹಾಗೆ ಬರುತ್ತಾರೆ. "ಪ್ರಭಣ್ಣ, ನನ್ನ ಸ್ಕೋರ್ ಎಷ್ಟೈತಿ ನೋಡು" ಎನ್ನುತ್ತಾರೆ. ಮೊಬೈಲಿನಲ್ಲಿ ಒಂದು ಪುಟವಿದೆ. ಸಾಲ ಎಷ್ಟಿದೆ, ಕಂತು ತಪ್ಪಿಸಿದ್ದೀರಾ, ಎಷ್ಟು ಕಡೆ ಅರ್ಜಿ ಹಾಕಿದ್ದೀರಿ ಎಂದೆಲ್ಲ ಕೇಳಿ, ಮುನ್ನೂರರಿಂದ ಒಂಬೈನೂರರ ನಡುವೆ ಒಂದು ಅಂದಾಜು ಅಂಕ ಹೇಳುತ್ತದೆ; ಅಂಕ ಹೆಚ್ಚಿದ್ದಷ್ಟೂ ಸಾಲ ಸಲೀಸು. ಮನುಷ್ಯನನ್ನು ಮೂರಂಕಿಯಲ್ಲಿ ಅಳೆಯುವ ಈ ಉಸಾಬರಿ ನನಗೆ ಸೇರುವುದಿಲ್ಲ. ಆದರೂ ಮಾಡಿಕೊಡುತ್ತೇನೆ, ಹೊಟ್ಟೆಪಾಡು.

ವಿಜಯಕುಮಾರ ನನ್ನ ಪಕ್ಕದ ಅಂಗಡಿಯವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವುದು ಅವನ ಕೆಲಸ. ಹುಟ್ಟಿದ್ದು ಕುರುಗೋಡು ಕಡೆಯ ಬಾದನಹಟ್ಟಿ. ಬಳ್ಳಾರಿಯಲ್ಲಿ ಕೆಲಸ ಕಲಿತು, ಕರೂರಿನ ಸಂಘಮಿತ್ರಾಳನ್ನು ಮದುವೆಯಾಗಿ ಇಲ್ಲಿ ನೆಲೆಸಿದ. ಕೆಲಸದಲ್ಲಿ ಎತ್ತಿದ ಕೈ, ಜೇಬು ಮಾತ್ರ ತೂತು. ಅಲ್ಲಿ ತಂದು ಇಲ್ಲಿ ಕಟ್ಟುವುದು, ಇಲ್ಲಿ ತಂದು ಅಲ್ಲಿ ಕಟ್ಟುವುದು. ಬೈಕಿನ ಕಂತು ತಪ್ಪಿಸಿ, ವಸೂಲಿಯವರು ಬಂದರೆ ನನ್ನ ಅಂಗಡಿಯೊಳಗೆ ಬಂದು ಅಡಗುತ್ತಿದ್ದ. ಕೊನೆಗೆ ಬೈಕನ್ನೇ ಎಳೆದುಕೊಂಡು ಹೋದರು. ಸಂಘಮಿತ್ರಾ ಎರಡು ಹೊಲಿಗೆ ಯಂತ್ರಕ್ಕೆ ಸಾಲ ತೆಗೆದಾಗ ನನ್ನೆದುರೇ ಅವನಿಗೆ ಹೇಳಿದಳು: "ಇದಕ್ಕ ನೀವು ಕೈ ಹಚ್ಚಬ್ಯಾಡ್ರಿ. ನಾ ಕಟ್ಟಿಕೋತೀನಿ."

ಹೋದ ವರ್ಷ ಕಾಮಾಲೆಯಾಗಿ ಅವಳು ತೀರಿಕೊಂಡಳು. ಮಣ್ಣಿಗೆ ನಾನೂ ಹೋಗಿದ್ದೆ.

ಆಮೇಲೆ ಈ ಮಹಾರಾಯ ಮಾಡಿದ್ದು ಕೇಳಿ. ಸಾಲ ಕೊಟ್ಟ ಕಂಪನಿಗೆ ಅವಳು ಹೋದಳೆಂದು ತಿಳಿಸಲೇ ಇಲ್ಲ. ಅವಳ ಮೊಬೈಲಿಗೆ ರೀಚಾರ್ಜ್ ಹಾಕಿಸುತ್ತ, ತಿಂಗಳು ತಿಂಗಳು ಅವಳ ಖಾತೆಗೆ ಹಣ ತುಂಬುತ್ತ ಬಂದ. ಕಂತು ತಾನಾಗಿ ಕಡಿತವಾಗುತ್ತಿತ್ತು. ಹಿಂದೆಯೇ ಸಂದೇಶ ಬರುತ್ತಿತ್ತು: "ಅಭಿನಂದನೆಗಳು ಸಂಘಮಿತ್ರಾ, ನಿಮ್ಮ ಸ್ಕೋರ್ ಏರಿದೆ." ಅದನ್ನು ಅವನು ಮಕ್ಕಳ ಅಂಕಪಟ್ಟಿ ತೋರಿಸುವವರ ಹಾಗೆ ನನಗೆ ತಂದು ತೋರಿಸುವನು.

"ಲೇ ವಿಜಯಾ, ಸಾಕು ಬಿಡಲೇ. ಹೋದಾಕಿನ್ನ ಹೋಗಾಕ ಬಿಡು" ಎಂದು ಒಮ್ಮೆ ಗದರಿಸಿದೆ.

"ಅವರು ಅಕಿನ್ನ ಹೆಸರು ಹಿಡಿದು ಕರೀತಾರಣ್ಣ. ಮತ್ಯಾರು ಕರೀತಾರ ಹೇಳು" ಎಂದ.

ಈ ವರ್ಷ ಅವನ ಮಗಳು ಹೇಮಾಗೆ ಬಳ್ಳಾರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಸೋಮವಾರದೊಳಗೆ ಶುಲ್ಕ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಸಾಲವಲ್ಲದೆ ದಾರಿಯಿರಲಿಲ್ಲ. ಅಪ್ಪ ಮಗಳಿಬ್ಬರೂ ನನ್ನ ಅಂಗಡಿಗೆ ಬಂದರು. ವಿಜಯಕುಮಾರ ಆ ಪುಟದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ. ಈ ವರ್ಷ ಕಂತು ತಪ್ಪಿಸಿದ್ದೀರಾ? ಇಲ್ಲ. ಹೊಸ ಸಾಲ? ಇಲ್ಲ. ಅಂದಾಜು ಏಳುನೂರ ಎಪ್ಪತ್ತು ಎಂದು ಬಂತು. ಅವನ ಮುಖ ಅರಳಿತು. ಸಾಲ ಕೊಡುವವರು ನೋಡುವ ನಿಜವಾದ ವರದಿ ತೆಗೆದು ನೋಡಿದರೆ ಐನೂರ ಎಂಬತ್ತು; ಅಷ್ಟಕ್ಕೆ ಯಾರೂ ಸಾಲ ಕೊಡುವುದಿಲ್ಲ. ಹಳೆಯ ಬೈಕಿನ ಬಾಕಿ ಇನ್ನೂ ಅವನ ಹೆಸರಿಗೆ ಅಂಟಿಕೊಂಡಿತ್ತು. ವರ್ಷವಿಡೀ ತಪ್ಪದೆ ಕಟ್ಟಿ ಗಳಿಸಿದ ಮರ್ಯಾದೆಯೆಲ್ಲ ಸತ್ತ ಹೆಂಡತಿಯ ಹೆಸರಿನಲ್ಲಿತ್ತು.

ಅವನು ಬೆಂಚಿನ ಮೇಲೆ ಕುಳಿತು ತನ್ನದು, ಹೆಂಡತಿಯದು ಎರಡೂ ಮೊಬೈಲು ಹಿಡಿದು ಏನೋ ಒತ್ತುತ್ತಿದ್ದ. ನಾನು ಗಿರಾಕಿಗಳ ಗದ್ದಲದಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಸಂಘಮಿತ್ರಾಳ ಮೊಬೈಲ್ ಬಡಿದುಕೊಂಡಿತು. ಅವನು ಅದನ್ನು ಹೇಮಾಳ ಕೈಗಿಟ್ಟ.

"ನೀ ಮಾತಾಡವ್ವ. ನಿಂದು ನಿಮ್ಮವ್ವನ ದನಿನ ಐತಿ."

ಆಗ ನನಗೆ ತಿಳಿಯಿತು: ಅದೇ ಕಂಪನಿಗೆ, ಸತ್ತವಳ ಹೆಸರಿನಲ್ಲೇ ಅರ್ಜಿ ಹಾಕಿಬಿಟ್ಟಿದ್ದಾನೆ. "ಬ್ಯಾಡವ್ವ" ಎನ್ನುವಷ್ಟರಲ್ಲಿ ಹೇಮಾ ಸ್ಪೀಕರ್ ಒತ್ತಿದ್ದಳು.

"ಸಂಘಮಿತ್ರಾ ಅವರೇನ್ರಿ?" ಎಂದಳು ಆ ಕಡೆಯ ಹೆಣ್ಣುಮಗಳು.

"ಹೌದ್ರಿ, ಸಂಘಮಿತ್ರಾ ಅದೀನಿ."

ಆ ದನಿ ಕೇಳಿ ನಾನು ಹೆದರಿದೆ, ಹೇಳಲು ನಾಚಿಕೆಯಿಲ್ಲ. ವಿಜಯಕುಮಾರ ಕಣ್ಣು ಮುಚ್ಚಿಕೊಂಡಿದ್ದ. ಹುಟ್ಟಿದ ತಾರೀಖು, ವಿಳಾಸ, ಕೆಲಸ ಎಲ್ಲವನ್ನೂ ಹುಡುಗಿ ತಡವರಿಸದೆ ಹೇಳಿದಳು.

"ನಿಮ್ಮ ದಾಖಲೆ ಭಾಳ ಚಲೋ ಐತ್ರಿ ಮೇಡಂ. ಒಂದು ಕಂತೂ ತಪ್ಪಿಲ್ಲ. ಹೆಂಗ್ರಿ?"

ಇದಕ್ಕೇನು ಹೇಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನ ಕಡೆ ನೋಡಿ, "ನಾ ಅಲ್ರಿ. ನಮ್ಮನಿಯವರು ಕಟ್ತಾರ. ಮೊದಲು ಹಿಂಗಿದ್ದಿಲ್ಲ, ಈಗ ಭಾಳ ಬದಲಾಗ್ಯಾರ್ರಿ" ಎಂದಳು.

ವಿಜಯಕುಮಾರ ಎದ್ದು ಮೊಬೈಲ್ ತೆಗೆದುಕೊಂಡ.

"ಮೇಡಂ, ಇಷ್ಟೊತ್ತು ಮಾತಾಡಿದ್ದು ನನ್ನ ಮಗಳು. ಸಂಘಮಿತ್ರಾ ತೀರಿಕೊಂಡಾಳ್ರಿ. ಹ್ವಾದ ವರ್ಷ." ಆ ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅರ್ಜಿ ಇಲ್ಲಿಗೇ ನಿಲ್ಲುತ್ತದೆ ಎಂದು ಆ ಕಡೆಯ ಹೆಣ್ಣುಮಗಳು ಹೇಳಿದಳು. ಹೇಮಾಳ ಕಣ್ಣು ತುಂಬಿತು. ಫೋನಿನಾಕೆ ಅಷ್ಟಕ್ಕೇ ಫೋನ್ ಇಡದೆ, ಮರುಕದಿಂದಲೇ ಇರಬೇಕು, "ಸರ್, ಆ ಯಂತ್ರದ ಸಾಲಕ್ಕ ವಿಮಾ ಇತ್ತು. ಆಗಲೇ ತಿಳಿಸಿದ್ರ ಒಂದು ರೂಪಾಯಿನೂ ಕಟ್ಟಬೇಕಾಗಿದ್ದಿಲ್ಲ" ಎಂದಳು.

"ಗೊತ್ತಿತ್ರಿ" ಎಂದ ವಿಜಯಕುಮಾರ.

ಹೇಮಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ವರ್ಷವಿಡೀ ಅವನು ಕಟ್ಟಿದ ಹಣ ಅವಳ ಶುಲ್ಕಕ್ಕೆ ಸಾಕಾಗಿ ಮಿಗುವಷ್ಟಿತ್ತು. ಅವನ ಕೈಯಿಂದ ಅವ್ವನ ಮೊಬೈಲ್ ಬಿಡಿಸಿಕೊಂಡು, ಸ್ವಿಚ್ ಆಫ್ ಮಾಡಿದಳು.