ಹುಣಸೆಹಣ್ಣಿನಲ್ಲಿ ತೊಳೆದ ಹಿತ್ತಾಳೆ

ಪಂಚಾಕ್ಷರಯ್ಯನವರ ಜೊತೆ ತರಕಾರಿ ತರಲು ಹೋದರೆ ಅರ್ಧ ದಿನ ಕಳೆದ ಹಾಗೆಯೇ. ಅವರು ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಮುರಿದು ನೋಡುತ್ತಾರೆ. ಮುರಿಯಬೇಡಿ ಎಂದು ಅಂಗಡಿಯವನು ಬೋರ್ಡು ಹಾಕಿದ್ದಾನೆ. ಇವರು ಬೋರ್ಡನ್ನು ಪೂರ್ತಿ ಓದಿ, ಆಮೇಲೆ ಮುರಿಯುತ್ತಾರೆ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಇವರದು ನಿವೃತ್ತಿಯಾದರೂ ಹೋಗಲಿಲ್ಲ.

ಆ ಗುಣಕ್ಕೆ ಸರಿಯಾದ ಮೇವು ಸಿಕ್ಕಿದ್ದು ಮಗಳು ಗಗನಾಳಿಂದ. ಇಲ್ಲೇ ಅಮೆರಿಕದ ಮಾರಿಸ್‌ಟೌನ್‌ನಲ್ಲಿ ಕೆಲಸ ಮಾಡುವ ಈ ಹುಡುಗಿ ಕಾಲೇಜಿನಲ್ಲಿದ್ದಾಗಲೇ ರೈಫಲ್ ಶೂಟಿಂಗ್ ಹಿಡಿದಳು. ಗುರಿ ಪಂದ್ಯಗಳಿಗೆ ಹೋಗುವವರು ಹೊಡೆದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಎಸೆಯುವುದಿಲ್ಲ, ಮತ್ತೆ ಮದ್ದುಗುಂಡು ತುಂಬಿಸಿ ಹೊಡೆಯುತ್ತಾರೆ. ಆ ಕೆಲಸವನ್ನು ಅಪ್ಪ ತಮ್ಮದಾಗಿಸಿಕೊಂಡರು. ಒಂದೇ ಕಂಪನಿಯ, ಒಂದೇ ತೂಕದ, ಗೋಡೆ ದಪ್ಪಗಿರುವ ಕೇಸುಗಳೇ ಆಗಬೇಕು. ಗುಂಡು ಹೊಡೆಯುವ ರೇಂಜಿನಲ್ಲಿ ನೆಲದ ಮೇಲೆ ಬಿದ್ದದ್ದನ್ನು ಮುಟ್ಟುತ್ತಿರಲಿಲ್ಲ, ಊರೆಂಜಲು ಎನ್ನುತ್ತಿದ್ದರು. ತುದಿ ಬಗ್ಗಿಸಿದ ಒಂದು ತಂತಿಯನ್ನು ಕೇಸಿನೊಳಗೆ ಇಳಿಸಿ ಬುಡದ ಹತ್ತಿರ ಸವರಿ ನೋಡುವರು. ಕೂದಲೆಳೆಯಷ್ಟು ತಗ್ಗು ಸಿಕ್ಕರೂ ಆ ಕೇಸು ಗುಜರಿಗೆಂದಿಟ್ಟ ಬಣ್ಣದ ಹಳೇ ಬಕೆಟ್ಟಿಗೆ ಹೋಯಿತು. ಅಂಥದ್ದನ್ನು ಮತ್ತೆ ಹೊಡೆದರೆ ಬುಡ ಕಿತ್ತುಕೊಂಡು ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಒಂದು ಗೇಣು ದೂರದಲ್ಲಿ ಗಗನಾಳ ಬಲಗಣ್ಣು ಇರುತ್ತದೆ.

ಎರಡು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಪಂಚಾಕ್ಷರಯ್ಯನವರ ತಾಯಿ ಚಿಕ್ಕತಾಯಮ್ಮ ನಾಗಮಂಗಲದಿಂದ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ನಲವತ್ತು ವರ್ಷ ಪಾತ್ರೆ ಅಂಗಡಿ ನಡೆಸಿದ ಹೆಂಗಸು. ಕಿವಿ ಪೂರ್ತಿ ಹೋಗಿತ್ತು, ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಗ್ಯಾರೇಜಿಗೆ ಹೋದ ಅವರಿಗೆ ಮಾಸಿದ ಹಿತ್ತಾಳೆ ಕಣ್ಣಿಗೆ ಬಿತ್ತು. ಹಬ್ಬದ ಮುನ್ನಾದಿನ ಹಿತ್ತಾಳೆ ಮಾಸಿರಬಹುದೇ? ಡಬ್ಬಿಯಲ್ಲಿದ್ದ ಒಳ್ಳೆಯದನ್ನೂ ಬಕೆಟ್ಟಿನಲ್ಲಿದ್ದ ಕೆಟ್ಟದ್ದನ್ನೂ ಒಂದೇ ಬೇಸಿನ್ನಿಗೆ ಸುರಿದು, ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ ತೊಳೆದರು. ಒಳ್ಳೆಯವುಗಳ ಬುಡಕ್ಕೆ ಮಗ ಮಾರ್ಕರ್ ಪೆನ್ನಿನಲ್ಲಿ ಹಾಕಿದ್ದ ಗುರುತುಗಳೆಲ್ಲ ಅಳಿಸಿಹೋದವು.

ನಾನು ಅವರ ಪಕ್ಕದ ಬೀದಿಯವನು. ಹೋಗಿ ನೋಡಿದಾಗ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಹಾಸಿದ ಪಂಚೆಯಲ್ಲಿ ಇನ್ನೂರು ಚಿಲ್ಲರೆ ಕೇಸುಗಳು ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ಯಾವುದು ಒಳ್ಳೆಯದು, ಯಾವುದು ಕೊಲ್ಲುವಂಥದ್ದು ಎಂದು ಹೇಳಲು ಒಂದು ಗುರುತೂ ಉಳಿದಿರಲಿಲ್ಲ. ಎಲ್ಲ ಗುಜರಿಗೆ ಹಾಕಿ, ಹೊಸದು ತನ್ನಿ ಎಂದೆ. ಹೊಸದು ಎಲ್ಲೂ ಸ್ಟಾಕ್ ಇಲ್ಲ, ಪಂದ್ಯಕ್ಕೆ ಎರಡೇ ವಾರ ಇದೆ, ನಾನು ಆರಿಸಿದ್ದನ್ನು ನಾನೇ ಇನ್ನೊಮ್ಮೆ ಆರಿಸಲಾರೆನೇ ಎಂದರು ಪಂಚಾಕ್ಷರಯ್ಯ. ಹಠಮಾರಿ ಮುದುಕ.

ಅವರು ತಂತಿ ಹಿಡಿದು ಕೂತರು. ತಪ್ಪು ಗೊತ್ತಾದ ತಾಯಿಯೂ ಎದುರಿಗೆ ಕೂತು ಒಂದೊಂದೇ ಕೇಸನ್ನು ಎತ್ತಿಕೊಂಡರು. ಉಗುರಿನಿಂದ ಒಮ್ಮೆ ತಟ್ಟಿ ಕೆಳತುಟಿಗೆ ಹಿಡಿಯುವುದು, ಕಣ್ಣು ಮುಚ್ಚುವುದು, ಎಡಕ್ಕೋ ಬಲಕ್ಕೋ ಇಡುವುದು. ಕಿವಿ ಹೋದ ಮೇಲೆ ಅಂಗಡಿಯಲ್ಲಿ ಕೊಡ, ತಪ್ಪಲೆ ನೋಡುತ್ತಿದ್ದದ್ದೂ ಹೀಗೆಯೇ ಅಂತೆ. ಅವರು ಎಡಕ್ಕಿಟ್ಟ ಮೂವತ್ತೊಂದನ್ನು ಮಗ ತಂತಿ ಹಾಕಿ ನೋಡಿದರು. ಮೂವತ್ತರಲ್ಲಿ ತಗ್ಗು ಸಿಕ್ಕಿತು. ಬಲಕ್ಕಿಟ್ಟದ್ದರಲ್ಲಿ ಒಂದರಲ್ಲೂ ಇಲ್ಲ.

ಮೂವತ್ತೊಂದನೆಯದರಲ್ಲಿ ಏನೂ ಇರಲಿಲ್ಲ. ತೂಕ ಸರಿ, ಅಳತೆ ಸರಿ, ಭೂತಗನ್ನಡಿಯಲ್ಲಿ ನೋಡಿದರೂ ಒಂದು ಗೆರೆಯಿಲ್ಲ. ಎಲ್ಲಕ್ಕಿಂತ ಚೆನ್ನಾಗಿದ್ದ ಕೇಸು ಅದೇ. ಪಂಚಾಕ್ಷರಯ್ಯ ಅದರ ಬುಡಕ್ಕೆ ಕೆಂಪು ಚುಕ್ಕೆ ಇಟ್ಟು ಒಳ್ಳೆಯ ಗುಡ್ಡೆಗೆ ಸೇರಿಸಿದರು. ಮಾರನೆಯ ದಿನ ಪೂಜೆ ಮುಗಿಸಿ ಬಂದ ಚಿಕ್ಕತಾಯಮ್ಮ ಆ ಗುಡ್ಡೆಗೆ ಕೈ ಹಾಕಿ ಒಂದನ್ನು ತೆಗೆದು ಎಡಕ್ಕಿಟ್ಟರು. ಬುಡದಲ್ಲಿ ಕೆಂಪು ಚುಕ್ಕೆ ಇತ್ತು. ಮಗ ಅದನ್ನು ಮತ್ತೆ ಬೆರೆಸಿ, ಗುಡ್ಡೆಯ ಮೇಲೆ ಟವೆಲ್ ಮುಚ್ಚಿದರು. ಮುದುಕಿ ಟವೆಲ್ಲಿನ ಅಡಿಗೆ ಕೈ ತೂರಿಸಿ ಅದನ್ನೇ ತೆಗೆದರು. ಮೂರನೆಯ ಸಲವೂ ಅದೇ. ನಾನು ಕಾಫಿ ಕುಡಿಯದೆ ಎದ್ದು ಮನೆಗೆ ಬಂದೆ.

ಪಂಚಾಕ್ಷರಯ್ಯ ಮಾತ್ರ ಸೋಲಲಿಲ್ಲ. ಕಾರಣವಿಲ್ಲದೆ ಒಂದು ವಸ್ತುವನ್ನು ರಿಜೆಕ್ಟ್ ಮಾಡಿದ ಚರಿತ್ರೆ ಅವರಿಗಿಲ್ಲ. ಆದರೆ ಮಗಳ ಕಣ್ಣಿನ ವಿಷಯ. ಅವರೊಂದು ತೀರ್ಮಾನಕ್ಕೆ ಬಂದರು. ಒಳ್ಳೆಯ ಗುಡ್ಡೆಯ ಎಲ್ಲವನ್ನೂ ತುಂಬಿಸಿ ಮೊದಲು ತಾವೇ ಹೊಡೆಯುವುದು, ಸೀಳದೆ ಉಳಿದದ್ದನ್ನು ಮತ್ತೆ ತುಂಬಿಸಿ ಗಗನಾಳಿಗೆ ಕೊಡುವುದು.

ಶನಿವಾರ ಸಸೆಕ್ಸ್ ಕೌಂಟಿಯ ರೇಂಜಿಗೆ ನಾನೇ ಡ್ರೈವ್ ಮಾಡಿದೆ. ಗಾಳಿ ಇರಲಿಲ್ಲ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಗನಾಳನ್ನೂ ನನ್ನನ್ನೂ ಹಳದಿ ಗೆರೆಯ ಹಿಂದೆ ಬಹಳ ದೂರ ನಿಲ್ಲಿಸಿದರು. ಮಧ್ಯಾಹ್ನದವರೆಗೆ ಹೊಡೆದರು. ಒಂದೂ ತಕರಾರು ಮಾಡಲಿಲ್ಲ. ಕೊನೆಗೆ ಕೆಂಪು ಚುಕ್ಕೆಯದು ಉಳಿಯಿತು. ಅದನ್ನು ಹಾಕಿಕೊಂಡು, ಕೆನ್ನೆಯನ್ನು ರೈಫಲ್ಲಿನ ಮರದ ಹಿಡಿಗೆ ಒತ್ತಿ, ಟ್ರಿಗರ್ ಮೇಲೆ ಬೆರಳಿಟ್ಟರು. ಒಂದು ನಿಮಿಷವಾಯಿತು. ರೇಂಜಿನವನು ಬಂದು ಏನಾದರೂ ತೊಂದರೆಯೇ ಎಂದು ಕೇಳಿದ. ಅವರು ಬೋಲ್ಟ್ ಎಳೆದು ತೋಟಾವನ್ನು ಹೊರಗೆ ತೆಗೆದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"What's wrong with it, Appa?" ಎಂದಳು ಗಗನಾ.

"ಗೊತ್ತಿಲ್ಲಮ್ಮ," ಎಂದರು. ಆ ಮನುಷ್ಯನ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮನೆಗೆ ಬಂದವರೇ ಶೂ ಕೂಡ ಬಿಚ್ಚದೆ ತಾಯಿಯ ಮುಂದೆ ಕೂತರು. ಅದರಲ್ಲಿ ಏನು ಕೆಟ್ಟಿತ್ತು ಎಂದು ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದರು. ಚಿಕ್ಕತಾಯಮ್ಮ ಮೊದಲು ಮೊಮ್ಮಗಳನ್ನು ಹತ್ತಿರ ಕರೆದು, ಅವಳ ಬಲಗಣ್ಣಿನ ರೆಪ್ಪೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಕೆಟ್ಟದೆ ಅಂತ ನಾನೆಲ್ಲಿ ಅಂದೆ ಮಗಾ? ಮಿಕ್ಕವೆಲ್ಲ ತುಟಿಗೆ ಹಿಡಿದ್ರೆ ನಡುಗ್ತಿದ್ವು. ಅದು ನಡುಗ್ಲಿಲ್ಲ. ನಾನೇ ನಡುಗ್ದೆ."